ಕೆಡವಬೇಕೆ, ಉಳಿಸಬೇಕೆ: ಸುನಾಮಿಯ ಅವಶೇಷಗಳೂ ಸ್ಮಾರಕದ ನೆಲೆಯೂ

2011ರ ಮಾರ್ಚ್ 11ರಂದು ಈಶಾನ್ಯ ಜಪಾನಿನ ಕರಾವಳಿಯನ್ನು ನುಂಗಿದ ಸುನಾಮಿ ಹಿಂದೆ ಸರಿದಾಗ, ಸ್ಮಾರಕವನ್ನು ಎಲ್ಲಿ, ಹೇಗೆ ಕಟ್ಟಬೇಕೆಂಬ ವಿಚಾರಕ್ಕೂ ಮೊದಲು ಅಲ್ಲಿನ ಊರುಗಳು ಉತ್ತರಿಸಬೇಕಾಗಿ ಬಂದದ್ದು, ಜನ ಸತ್ತ ಕಟ್ಟಡಗಳನ್ನೇ ಉಳಿಸಿಕೊಳ್ಳಬೇಕೆ ಎಂಬ ಪ್ರಶ್ನೆಗೆ. ದುರಂತದ ಸಾಕ್ಷಿಯಾಗಿ ಇದ್ದಲ್ಲೇ ಕಾಪಿಡಲಾಗುವ ಇಂಥ ರಚನೆಗಳು ಜಪಾನಿನಲ್ಲಿ ‘ವಿಪತ್ತಿನ ಅವಶೇಷ’ ಎಂಬ ಅರ್ಥದ ಹೆಸರಿನಿಂದ ಗುರುತಿಸಲ್ಪಡುತ್ತವೆ.

ಕೆಸೆನ್ನುಮಾ ನಗರದಲ್ಲಿ ನಿರ್ಧಾರ ಬೇಗ ಹೊರಬಿತ್ತು. ಬಂದರಿನಿಂದ ಸುಮಾರು 750 ಮೀಟರ್ ಒಳಗೆ ಕೊಚ್ಚಿಬಂದು ಮನೆಗಳಿದ್ದ ಜಾಗದಲ್ಲಿ ನಿಂತಿದ್ದ 330 ಟನ್ನಿನ ಮೀನುಗಾರಿಕಾ ಹಡಗನ್ನು ಉಳಿಸಲು ನಗರಾಡಳಿತ ಬಯಸಿತ್ತಾದರೂ, ಸಮೀಕ್ಷೆಯಲ್ಲಿ ಹೆಚ್ಚಿನ ನಿವಾಸಿಗಳು ಬೇಡವೆಂದದ್ದರಿಂದ 2013ರಲ್ಲಿ ಅದನ್ನು ಒಡೆದು ತೆಗೆಯಲಾಯಿತು.

ಮಿನಾಮಿಸಾನ್ರಿಕು ಪಟ್ಟಣದ ವಿಪತ್ತು ನಿರ್ವಹಣಾ ಕಚೇರಿಯ ವಿಷಯ ಅಷ್ಟು ಸುಲಭದ್ದಾಗಿರಲಿಲ್ಲ. ಮೂರು ಅಂತಸ್ತಿನ, ಸುಮಾರು 12 ಮೀಟರ್ ಎತ್ತರದ ಈ ಕಟ್ಟಡದಿಂದಲೇ ಸಿಬ್ಬಂದಿ ಧ್ವನಿವರ್ಧಕದಲ್ಲಿ ಎತ್ತರದ ಜಾಗಗಳಿಗೆ ಹೋಗುವಂತೆ ಜನರನ್ನು ಎಚ್ಚರಿಸುತ್ತಿದ್ದರು. ಅಲೆ ಮಾಳಿಗೆಯನ್ನೂ ಮೀರಿ ಹರಿದು, ಅಲ್ಲಿದ್ದವರಲ್ಲಿ 43 ಮಂದಿ ಸತ್ತರು ಅಥವಾ ಕಾಣೆಯಾದರು. ಗೋಡೆಗಳೆಲ್ಲ ಕಳಚಿ, ಕೆಂಪು ಬಣ್ಣದ ಉಕ್ಕಿನ ಕಂಬ-ತೊಲೆಗಳು ಮತ್ತು ಪಕ್ಕದ ಬಾಗಿದ ಮೆಟ್ಟಿಲಷ್ಟೇ ಉಳಿದವು. ಮುಂದಿನ ಪೀಳಿಗೆಗೆ ಇದು ಕಾಣಬೇಕೆಂದು ಕೆಲವರು ವಾದಿಸಿದರೆ, ದಿನವೂ ಇದನ್ನು ಹಾದುಹೋಗಲಾರೆವೆಂದು ಹಲವು ಕುಟುಂಬಗಳು ಬೇಡಿಕೊಂಡವು. 2013ರಲ್ಲಿ ಪಟ್ಟಣದ ಮೇಯರ್ ಕೆಡವುವುದಾಗಿಯೇ ಪ್ರಕಟಿಸಿದರು. ಆದರೆ ಮಿಯಾಗಿ ಪ್ರಾಂತ್ಯದ ಆಡಳಿತ ಮಧ್ಯೆ ಬಂದು, 2031ರವರೆಗೆ, ಅಂದರೆ ದುರಂತಕ್ಕೆ ಇಪ್ಪತ್ತು ವರ್ಷ ತುಂಬುವವರೆಗೆ, ಕಟ್ಟಡವನ್ನು ತಾನೇ ಇಟ್ಟುಕೊಳ್ಳುವ ಪ್ರಸ್ತಾಪ ಮಾಡಿತು. 2015ರಲ್ಲಿ ಪಟ್ಟಣ ಒಪ್ಪಿತು. ಹಿರೋಶಿಮಾದ ಅಣುಬಾಂಬ್ ಗುಮ್ಮಟದ ವಿಷಯದಲ್ಲೂ ಉಳಿಸುವ ನಿರ್ಣಯಕ್ಕೆ ನಗರಸಭೆ 1966ರವರೆಗೆ ಕಾದಿತ್ತೆಂಬುದನ್ನು ನೆನೆದರೆ, ದುಃಖ ಹಸಿಯಾಗಿರುವಾಗ ಬಹುಮತ ಎಣಿಸದೆ ನಿರ್ಧಾರವನ್ನೇ ಮುಂದೂಡಿದ್ದು ಹೊಣೆಗೇಡಿತನವಲ್ಲ, ಬಹುಶಃ ಈ ಇಡೀ ಪ್ರಕರಣದ ಅತ್ಯಂತ ವಿವೇಕದ ನಡೆ ಎನ್ನಬೇಕಾಗುತ್ತದೆ.

ಇಶಿನೊಮಾಕಿ ನಗರದ ಓಕಾವಾ ಪ್ರಾಥಮಿಕ ಶಾಲೆಯಲ್ಲಿ 74 ಮಕ್ಕಳನ್ನೂ 10 ಶಿಕ್ಷಕ-ಸಿಬ್ಬಂದಿಯನ್ನೂ ಸುನಾಮಿ ಬಲಿ ತೆಗೆದುಕೊಂಡಿತ್ತು. ಮಕ್ಕಳು ಹತ್ತಿ ಪಾರಾಗಬಹುದಾಗಿದ್ದ ಗುಡ್ಡ ಶಾಲೆಯ ಬೆನ್ನಿಗೇ ಇತ್ತೆಂಬುದು ಅಲ್ಲಿ ನಿಂತವರಿಗೆ ವಿವರಣೆಯಿಲ್ಲದೆ ತಿಳಿಯುತ್ತದೆ, ಬೇರೆಡೆ ಕಟ್ಟಿದ ಯಾವ ಸ್ಮಾರಕವೂ ಅದನ್ನು ಹಾಗೆ ತೋರಿಸಲಾರದು. ಹೆತ್ತವರ ಅಭಿಪ್ರಾಯ ಒಡೆದಿದ್ದಾಗ ಬದುಕುಳಿದ ಹಳೆಯ ವಿದ್ಯಾರ್ಥಿಗಳು ಉಳಿಸಬೇಕೆಂದು ಮುಂದೆ ಬಂದರು. 2016ರಲ್ಲಿ ನಗರಾಡಳಿತ ಇಡೀ ಕಟ್ಟಡವನ್ನು ಉಳಿಸಲು ನಿರ್ಧರಿಸಿದಾಗ, ನೋಡಲಾಗದವರ ಕಣ್ಣಿಗೆ ಅದು ಬೀಳದಂತೆ ಸುತ್ತ ಮರ ಬೆಳೆಸುವ ಯೋಚನೆಯೂ ಅದರ ಭಾಗವಾಗಿತ್ತು.

ನೆಲೆಯೇ ಇಷ್ಟು ಹೇಳುವಾಗ ವಿನ್ಯಾಸಕಾರನ ಕೆಲಸ ಕಡಿಮೆಯಾಗುವುದಿಲ್ಲ, ಬೇರೆಯಾಗುತ್ತದೆ. ಮಿನಾಮಿಸಾನ್ರಿಕುವಿನಲ್ಲಿ ಸುತ್ತಲ ಪ್ರದೇಶಕ್ಕೆ ಸುಮಾರು 10 ಮೀಟರ್ ಮಣ್ಣು ತುಂಬಿ ಎತ್ತರಿಸಿದ್ದರಿಂದ ಹಳೆಯ ನೆಲಮಟ್ಟದಲ್ಲೇ ನಿಂತ ಆ ಕಟ್ಟಡ ಈಗ ತಗ್ಗಿನಲ್ಲಿದ್ದು, ನೋಡುವವರು ಕತ್ತೆತ್ತುವ ಬದಲು ಕೆಳಗೆ ನೋಡಬೇಕಾಗುತ್ತದೆ. ವಾಸ್ತುಶಿಲ್ಪಿ ಕೆಂಗೊ ಕುಮಾ ಅವರ ವಿನ್ಯಾಸದ ಉದ್ಯಾನ 2020ರಲ್ಲಿ ಪೂರ್ಣವಾಗಿ ತೆರೆಯಿತು. ಅಲ್ಲಿನ ಪ್ರಾರ್ಥನಾ ದಿಬ್ಬವನ್ನು ಏರಿದವರಿಗೆ ಉಕ್ಕಿನ ಅಸ್ಥಿಪಂಜರವೂ ಕೊಲ್ಲಿಯೂ ಒಟ್ಟಿಗೆ ಕಾಣುತ್ತವೆ.

ಕಾಯುವ ಅವಧಿ ಮುಗಿಯುವ ಮೊದಲೇ, 2024ರಲ್ಲಿ, ಪಟ್ಟಣವೇ ಕಟ್ಟಡವನ್ನು ಮರಳಿ ಪಡೆದು ಶಾಶ್ವತವಾಗಿ ಉಳಿಸಿಕೊಳ್ಳಲು ತೀರ್ಮಾನಿಸಿತು. ಅವಶೇಷಗಳನ್ನು ಕಾಪಿಡುವ ಆರಂಭಿಕ ವೆಚ್ಚಕ್ಕಷ್ಟೇ ಕೇಂದ್ರ ಸರ್ಕಾರದ ನೆರವು ಇರುವುದರಿಂದ, ಕಡಲಗಾಳಿಗೆ ತುಕ್ಕು ಹಿಡಿಯುವ ಆ ಕಂಬಗಳ ಮುಂದಿನ ನಿರ್ವಹಣೆ ಪಟ್ಟಣದ ಹೆಗಲಿಗೇ ಬಂದಿದೆ.