ಬಾಗಿದರೂ ಕೋವಿ ಇಳಿಸದ ಫಿನ್‌ಲ್ಯಾಂಡ್

ಬಲಾಢ್ಯ ರಾಷ್ಟ್ರಗಳ ಪೈಪೋಟಿಯ ನಡುವೆ ಸಿಲುಕಿದ ಸಣ್ಣ ದೇಶಕ್ಕೆ ಸಾಮಾನ್ಯವಾಗಿ ಎರಡು ದಾರಿಗಳನ್ನು ಸೂಚಿಸಲಾಗುತ್ತದೆ: ಯಾವುದಾದರೊಂದು ಬಣದ ಆಶ್ರಯ ಪಡೆಯುವುದು, ಇಲ್ಲವೇ ಎರಡರಿಂದಲೂ ದೂರ ಉಳಿಯುವುದು. ಎರಡನೆಯ ಮಹಾಯುದ್ಧದ ನಂತರದ ಫಿನ್‌ಲ್ಯಾಂಡ್ ಈ ಎರಡರಲ್ಲಿ ಯಾವುದಕ್ಕೂ ಪೂರ್ತಿಯಾಗಿ ಒಗ್ಗದ ಒಂದು ಬಾಳ್ವೆಯನ್ನು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ನಡೆಸಿತು. ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ಬಹಳ ದೊಡ್ಡದಾದರೂ ಇಂದಿಗೂ 56 ಲಕ್ಷದಷ್ಟೇ ಜನರಿರುವ, ಅಂದರೆ ಬೆಂಗಳೂರಿನ ಜನಸಂಖ್ಯೆಯ ಅರ್ಧವೂ ಇಲ್ಲದ ಈ ದೇಶಕ್ಕೆ ರಷ್ಯಾದೊಂದಿಗೆ ಸುಮಾರು 1,340 ಕಿಲೋಮೀಟರ್ ಉದ್ದದ ಗಡಿಯಿದೆ. ಅದರ ರಕ್ಷಣಾನೀತಿಯ ಲೆಕ್ಕಾಚಾರವೆಲ್ಲ ಈ ಗಡಿಯಿಂದಲೇ ಹುಟ್ಟಿದ್ದು.

1939ರಲ್ಲಿ ಗಡಿಯು ಲೆನಿನ್‌ಗ್ರಾಡ್ ನಗರಕ್ಕೆ ಕೇವಲ ಮೂವತ್ತು ಕಿಲೋಮೀಟರ್ ಚಿಲ್ಲರೆ ದೂರದಲ್ಲಿತ್ತು. ಅದನ್ನು ಹಿಂದಕ್ಕೆ ಸರಿಸಬೇಕು, ಹಾಂಕೊ ಬಂದರನ್ನು ಗುತ್ತಿಗೆಗೆ ಕೊಡಬೇಕು ಎಂಬ ಸ್ಟಾಲಿನ್‌ನ ಬೇಡಿಕೆಗೆ ಫಿನ್‌ಲ್ಯಾಂಡ್ ಒಪ್ಪದಿದ್ದಾಗ, ನವೆಂಬರ್ 30ರಂದು ಸೋವಿಯತ್ ಸೇನೆ ದಾಳಿ ಮಾಡಿತು. ಚಳಿಗಾಲದ ಯುದ್ಧವೆಂದು ಹೆಸರಾದ ಈ ಕದನ 105 ದಿನ ನಡೆಯಿತು. ಬ್ರಿಟನ್ ಮತ್ತು ಫ್ರಾನ್ಸ್ ಸೇನೆ ಕಳಿಸುವ ಮಾತಾಡಿದವೇ ಹೊರತು ಕಳಿಸಲಿಲ್ಲ. ಕಾರೇಲಿಯಾ ಪ್ರದೇಶವನ್ನು ಬಿಟ್ಟುಕೊಟ್ಟು ಸಂಧಿ ಮಾಡಿಕೊಂಡ ಫಿನ್‌ಲ್ಯಾಂಡ್, ಅಲ್ಲಿಂದ ಎದ್ದುಬಂದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ನೆಲೆ ಒದಗಿಸಬೇಕಾಯಿತು. ಕಳೆದುಕೊಂಡದ್ದನ್ನು ಮರಳಿ ಪಡೆಯುವ ಆಸೆಯಿಂದ 1941ರಲ್ಲಿ ಜರ್ಮನಿಯ ಜೊತೆಗೂಡಿ ಮತ್ತೆ ಯುದ್ಧಕ್ಕಿಳಿದು, 1944ರ ಸೆಪ್ಟೆಂಬರ್‌ನಲ್ಲಿ ಕದನವಿರಾಮಕ್ಕೆ ಸಹಿ ಹಾಕಿತು. ಸೋಲು ಸೋಲೇ, ಆದರೂ ಹೆಲ್ಸಿಂಕಿಗೆ ಸೋವಿಯತ್ ಸೇನೆ ಕಾಲಿಡಲಿಲ್ಲ. ಈ ದೇಶವನ್ನು ನುಂಗಬಹುದಾದರೂ ದಕ್ಕಿಸಿಕೊಳ್ಳುವುದು ಕಷ್ಟವೆಂಬ ಅರಿವು ಮಾಸ್ಕೋಗೆ ಬಂದದ್ದು ಈ ಎರಡು ಯುದ್ಧಗಳಿಂದಲೇ, ಮುಂದಿನ ರಾಜತಂತ್ರ ನಿಂತದ್ದು ಆ ಅರಿವಿನ ಮೇಲೆಯೇ.

1939ರ ಮಾತುಕತೆಗೆ ಮಾಸ್ಕೋಗೆ ಹೋಗಿದ್ದ ಯೂಹೊ ಕುಸ್ತಿ ಪಾಸಿಕಿವಿ 1946ರಲ್ಲಿ ರಾಷ್ಟ್ರಾಧ್ಯಕ್ಷನಾದ. ಫಿನ್‌ಲ್ಯಾಂಡ್ ವಿಷಯದಲ್ಲಿ ಮಾಸ್ಕೋಗಿರುವ ಆಸಕ್ತಿ ಮುಖ್ಯವಾಗಿ ಸೈನಿಕವಾದುದು, ಲೆನಿನ್‌ಗ್ರಾಡ್ ಮೇಲೆ ಈ ನೆಲದಿಂದ ದಾಳಿ ನಡೆಯುವುದಿಲ್ಲವೆಂಬ ಭರವಸೆ ಸಿಕ್ಕರೆ ಅದು ದೇಶದ ಆಂತರಿಕ ವ್ಯವಸ್ಥೆಯನ್ನು ಮುಟ್ಟದೆ ಬಿಡಬಹುದು ಎಂಬುದು ಅವನ ತರ್ಕವಾಗಿತ್ತು. 1948ರ ಏಪ್ರಿಲ್ 6ರಂದು ಸಹಿಯಾದ ಸ್ನೇಹ ಮತ್ತು ಸಹಕಾರ ಒಪ್ಪಂದ ಈ ತರ್ಕದ ಫಲ. ಜರ್ಮನಿಯಾಗಲಿ ಅದರ ಮಿತ್ರರಾಗಲಿ ಫಿನ್‌ಲ್ಯಾಂಡ್ ಮೇಲೆ ಅಥವಾ ಅದರ ಮೂಲಕ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದರೆ ಫಿನ್‌ಲ್ಯಾಂಡ್ ತನ್ನ ನೆಲದಲ್ಲಿ ಹೋರಾಡುತ್ತದೆ, ಸೋವಿಯತ್ ನೆರವು ಬೇಕಾದರೆ ಅದು ಇಬ್ಬರ ಒಪ್ಪಿಗೆಯಿಂದ ಮಾತ್ರ ಬರುತ್ತದೆ ಎಂಬುದು ಅದರ ತಿರುಳು. ಹಂಗೇರಿ, ರುಮೇನಿಯಾಗಳು ಅದೇ ವರ್ಷ ಮಾಡಿಕೊಂಡ ಒಪ್ಪಂದಗಳಲ್ಲಿ ಇಷ್ಟು ಬಿಗಿಯಾದ ಮಿತಿಗಳಿರಲಿಲ್ಲ. ಬಲಾಢ್ಯರ ಹಿತಾಸಕ್ತಿಗಳ ಸಂಘರ್ಷದಿಂದ ಹೊರಗುಳಿಯುವ ಫಿನ್‌ಲ್ಯಾಂಡಿನ ಬಯಕೆಯನ್ನು ಪೀಠಿಕೆಯಲ್ಲಿ ಉಲ್ಲೇಖಿಸಿದ್ದು ಸಣ್ಣ ಸಾಧನೆಯಲ್ಲ.

ಇದಕ್ಕೆ ತೆತ್ತ ಬೆಲೆಯೂ ಕಣ್ಣಿಗೆ ಕಾಣುವಂತಿತ್ತು. 30 ಕೋಟಿ ಡಾಲರ್ ಯುದ್ಧ ಪರಿಹಾರವನ್ನು ಹಡಗು, ಯಂತ್ರೋಪಕರಣ ಮೊದಲಾದ ಸರಕುಗಳ ರೂಪದಲ್ಲಿ 1952ರ ಹೊತ್ತಿಗೆ ತೀರಿಸಬೇಕಾಯಿತು. ರಾಜಧಾನಿಯಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಪೊರ್ಕ್ಕಲ ಪ್ರದೇಶವು ಐವತ್ತು ವರ್ಷಗಳ ಗುತ್ತಿಗೆಯ ಮೇಲೆ ಸೋವಿಯತ್ ಸೈನಿಕ ನೆಲೆಯಾಯಿತು. ಹೆಲ್ಸಿಂಕಿಯಿಂದ ತುರ್ಕು ನಗರಕ್ಕೆ ಹೋಗುವ ರೈಲುಗಳು ಆ ನೆಲೆಯನ್ನು ಹಾದುಹೋಗಬೇಕಿದ್ದುದರಿಂದ, ಒಳಹೊಗುವ ಮುನ್ನ ಕಿಟಕಿಗಳಿಗೆ ಹಲಗೆ ಮುಚ್ಚಿ, ಸೋವಿಯತ್ ಎಂಜಿನ್ ಜೋಡಿಸಲಾಗುತ್ತಿತ್ತು. ಪ್ರಯಾಣಿಕರು ತಮ್ಮದೇ ದೇಶದ ಒಂದು ತುಂಡನ್ನು ಕತ್ತಲಲ್ಲಿ ಕುಳಿತು ದಾಟುತ್ತಿದ್ದರು. ಗುತ್ತಿಗೆಯ ಅವಧಿ ಮುಗಿಯುವ ಬಹಳ ಮೊದಲೇ, 1956ರ ಜನವರಿಯಲ್ಲಿ, ಮಾಸ್ಕೋ ಆ ನೆಲವನ್ನು ಮರಳಿಸಿತು.

ಪಾಸಿಕಿವಿಯ ನಂತರ ಕಾಲು ಶತಮಾನ ಅಧಿಕಾರದಲ್ಲಿದ್ದ ಉರ್ಹೊ ಕೆಕ್ಕೊನೆನ್‌ನ ಕಾಲದಲ್ಲಿ ಈ ನೀತಿಯ ಒಳಿತು ಕೆಡುಕುಗಳೆರಡೂ ಬಲಿತವು. 1961ರ ಅಕ್ಟೋಬರ್‌ನಲ್ಲಿ ಸೋವಿಯತ್ ಸರ್ಕಾರ ಜರ್ಮನಿಯ ಅಪಾಯದ ನೆಪ ಹೇಳಿ ಸೈನಿಕ ಸಮಾಲೋಚನೆಗೆ ಕರೆದಾಗ, ಅವನು ಸೈಬೀರಿಯಾದ ನೊವೊಸಿಬಿರ್ಸ್ಕ್‌ಗೆ ಹೋಗಿ ಕ್ರುಶ್ಚೇವ್‌ನನ್ನು ಕಂಡು ಆ ಬೇಡಿಕೆಯನ್ನು ಮುಂದಕ್ಕೆ ಹಾಕಿಸಿದ. ಮಾಸ್ಕೋ ಜೊತೆ ಮಾತಾಡಬಲ್ಲವನು ತಾನೊಬ್ಬನೇ ಎಂಬ ಭಾವನೆ ಇದರಿಂದ ಗಟ್ಟಿಯಾಗಿ, ವಿರೋಧಿಗಳ ಬಾಯಿ ಕಟ್ಟಿತು. 1973ರಲ್ಲಿ ಚುನಾವಣೆಯೇ ಇಲ್ಲದೆ ವಿಶೇಷ ಕಾನೂನಿನ ಮೂಲಕ ಅವನ ಅವಧಿಯನ್ನು ನಾಲ್ಕು ವರ್ಷ ವಿಸ್ತರಿಸಲಾಯಿತು. ಪತ್ರಿಕೆಗಳು, ಪ್ರಕಾಶಕರು ಸೋವಿಯತ್ ಟೀಕೆಯನ್ನು ತಾವಾಗಿಯೇ ಕತ್ತರಿಸಿಕೊಂಡರು. ಬಲಿಷ್ಠ ನೆರೆಯವನ ಮನಸ್ಸನ್ನು ಮೊದಲೇ ಊಹಿಸಿ ತಲೆಬಾಗುವ ಈ ಅಭ್ಯಾಸಕ್ಕೆ ಪಶ್ಚಿಮ ಜರ್ಮನಿಯ ರಾಜಕೀಯ ಚರ್ಚೆಗಳಲ್ಲಿ ‘ಫಿನ್‌ಲ್ಯಾಂಡೀಕರಣ’ ಎಂಬ ಹೆಸರು ಚಾಲ್ತಿಗೆ ಬಂದಾಗ ಫಿನ್ನರು ನೊಂದುಕೊಂಡರು. ಆದರೆ ಆ ಟೀಕೆ ಪೂರ್ತಿ ಸುಳ್ಳಾಗಿರಲಿಲ್ಲ ಎಂಬುದನ್ನು ಒಪ್ಪಲೇಬೇಕು.

ಆ ಟೀಕೆ ಕಾಣದೆ ಹೋದದ್ದು ನಾಣ್ಯದ ಇನ್ನೊಂದು ಮುಖವನ್ನು. 1947ರ ಪ್ಯಾರಿಸ್ ಶಾಂತಿ ಒಪ್ಪಂದ ಭೂಸೇನೆಯನ್ನು 34,400 ಮಂದಿಗೆ, ಯುದ್ಧವಿಮಾನಗಳನ್ನು 60ಕ್ಕೆ ಮಿತಿಗೊಳಿಸಿದ್ದರೂ, ಗಂಡಸರಿಗೆ ಕಡ್ಡಾಯ ಸೈನಿಕ ಸೇವೆ ನಿಲ್ಲಲಿಲ್ಲ. ಯುವಕರನ್ನು ಕೆಲವು ತಿಂಗಳು ತರಬೇತುಗೊಳಿಸಿ ಮನೆಗೆ ಕಳಿಸಿ, ಯುದ್ಧ ಬಂದಾಗ ಮತ್ತೆ ಕರೆಯುವ ಈ ಪದ್ಧತಿಯಿಂದ ಕಾಯಂ ಸೇನೆ ಚಿಕ್ಕದಾಗಿದ್ದರೂ ಮೀಸಲು ಪಡೆ ಬೆಳೆಯುತ್ತಲೇ ಹೋಯಿತು. ಇಂದು ಯುದ್ಧಕಾಲದ ಬಲ ಸುಮಾರು 2,80,000. ಯುದ್ಧವಿಮಾನಗಳನ್ನು ಸೋವಿಯತ್ ಒಕ್ಕೂಟದಿಂದ ಮಿಗ್-21, ಸ್ವೀಡನ್‌ನಿಂದ ಡ್ರಾಕೆನ್ ಎಂದು ಎರಡೂ ಕಡೆಯಿಂದ ತೂಗಿ ಕೊಳ್ಳಲಾಯಿತು. 1961ರಿಂದ ರಾಜಕಾರಣಿಗಳು, ಉದ್ಯಮಿಗಳು, ಸಂಪಾದಕರನ್ನು ಸೇನಾಧಿಕಾರಿಗಳ ಜೊತೆ ಕೂರಿಸಿ ರಾಷ್ಟ್ರರಕ್ಷಣೆಯ ಪಾಠ ಹೇಳುವ ಶಿಬಿರಗಳು ನಡೆಯುತ್ತ ಬಂದಿವೆ. ದೊಡ್ಡ ಕಟ್ಟಡ ಕಟ್ಟುವವರು ಬಾಂಬ್ ದಾಳಿ ತಡೆಯುವ ನೆಲಮಾಳಿಗೆಯನ್ನೂ ಕಟ್ಟಬೇಕೆಂಬ ಕಾನೂನಿನ ಫಲವಾಗಿ, ದೇಶದಲ್ಲಿ ಸುಮಾರು 50,000 ಆಶ್ರಯತಾಣಗಳಿದ್ದು 48 ಲಕ್ಷ ಜನರಿಗೆ ಅಲ್ಲಿ ಜಾಗವಿದೆ. ಹೆಲ್ಸಿಂಕಿಯ ಇತಾಕೆಸ್ಕುಸ್ ಬಡಾವಣೆಯಲ್ಲಿ ಬಂಡೆ ಕೊರೆದು ಮಾಡಿದ ಅಂಥ ಒಂದು ತಾಣ ನಿತ್ಯದ ದಿನಗಳಲ್ಲಿ ಸಾರ್ವಜನಿಕ ಈಜುಕೊಳ; ಅಗತ್ಯ ಬಿದ್ದರೆ ನೀರು ಖಾಲಿ ಮಾಡಿ ಜನರನ್ನು ತುಂಬುವ ವ್ಯವಸ್ಥೆ ಅಲ್ಲಿದೆ.

ಉಕ್ರೇನ್‌ಗೆ ‘ಫಿನ್‌ಲ್ಯಾಂಡ್ ಮಾದರಿ’ಯನ್ನು ಸಲಹೆ ಮಾಡಿದ ಪಂಡಿತರು ಹಲವರು. ಬಾಗುವ ಭಾಗವನ್ನು ಮಾತ್ರ ಎತ್ತಿಕೊಂಡು, ಅದರ ಹಿಂದಿದ್ದ ಎರಡು ಯುದ್ಧಗಳನ್ನೂ ಮೀಸಲು ಪಡೆಯನ್ನೂ ಮರೆತ ಆ ಸಲಹೆ ಅರೆಬೆಂದದ್ದು.

ಸೋವಿಯತ್ ಒಕ್ಕೂಟ ಕುಸಿದೊಡನೆ ಫಿನ್‌ಲ್ಯಾಂಡ್ 1948ರ ಒಪ್ಪಂದವನ್ನು ಕೊನೆಗೊಳಿಸಿ, 1992ರಲ್ಲಿ ಅಮೆರಿಕದ 64 ಹಾರ್ನೆಟ್ ಯುದ್ಧವಿಮಾನಗಳನ್ನು ಆರಿಸಿಕೊಂಡು, 1995ರಲ್ಲಿ ಐರೋಪ್ಯ ಒಕ್ಕೂಟ ಸೇರಿತು. ಒಬ್ಬ ಸದಸ್ಯನ ಮೇಲಿನ ಸಶಸ್ತ್ರ ದಾಳಿಯನ್ನು ಎಲ್ಲರ ಮೇಲಿನ ದಾಳಿಯೆಂದು ಪರಿಗಣಿಸುವ ನ್ಯಾಟೊ ಕೂಟವನ್ನು ಮಾತ್ರ ಸೇರದೆ, ಬೇಕಾದಾಗ ಸೇರುವ ಹಕ್ಕನ್ನು ಕೈಯಲ್ಲಿಟ್ಟುಕೊಂಡಿತು. 2021ರ ಡಿಸೆಂಬರ್‌ನಲ್ಲಿ ರಷ್ಯಾ ನ್ಯಾಟೊ ಇನ್ನು ವಿಸ್ತರಿಸಕೂಡದೆಂದು ಪಟ್ಟುಹಿಡಿದಾಗ ಈ ಹಕ್ಕಿಗೇ ಕುತ್ತು ಬಂತು; ಎರಡು ತಿಂಗಳಲ್ಲಿ ಉಕ್ರೇನ್ ಮೇಲೆ ಪೂರ್ಣ ಪ್ರಮಾಣದ ದಾಳಿ ನಡೆಯಿತು. ನ್ಯಾಟೊ ಸೇರುವುದಕ್ಕೆ ವರ್ಷಗಟ್ಟಲೆ ಕಾಲು ಭಾಗದ ಆಸುಪಾಸಿನಲ್ಲಿದ್ದ ಜನಬೆಂಬಲ ಮುಕ್ಕಾಲಿಗೇರಿತು. ಅರ್ಜಿ ಹಾಕುವ ನಿರ್ಧಾರವನ್ನು ಅಧ್ಯಕ್ಷ ಸೌಲಿ ನೀನಿಸ್ತೊ ತಾವೇ ಪುಟಿನ್‌ಗೆ ಫೋನ್ ಮಾಡಿ ತಿಳಿಸಿದ್ದು ಹಳೆಯ ನೀತಿಯ ಶಿಷ್ಟಾಚಾರಕ್ಕೆ ತಕ್ಕಂತಿತ್ತು. ಸಂಸತ್ತು 2022ರ ಮೇ 17ರಂದು 188–8 ಮತಗಳಿಂದ ಅದಕ್ಕೆ ಒಪ್ಪಿತು; 2023ರ ಏಪ್ರಿಲ್ 4ರಂದು ಸದಸ್ಯತ್ವ ದೊರೆಯಿತು.

ಕೂಟದ ನೆರಳು ಸಿಕ್ಕಿತೆಂದು ಫಿನ್‌ಲ್ಯಾಂಡ್ ತನ್ನ ಸಿದ್ಧತೆಯನ್ನು ಸಡಿಲಗೊಳಿಸಿಲ್ಲ. ರಷ್ಯಾ ಬೇಕೆಂದೇ ವಲಸಿಗರನ್ನು ಗಡಿಯತ್ತ ತಳ್ಳುತ್ತಿದೆಯೆಂಬ ಕಾರಣ ನೀಡಿ 2023ರ ಕೊನೆಯಲ್ಲಿ ಪೂರ್ವದ ಗಡಿದ್ವಾರಗಳನ್ನು ಮುಚ್ಚಿತು. ಮನುಷ್ಯರನ್ನು ಕೊಲ್ಲುವ ನೆಲಬಾಂಬ್‌ಗಳನ್ನು ನಿಷೇಧಿಸುವ ಒಟ್ಟಾವ ಒಪ್ಪಂದಕ್ಕೆ ಬಹಳ ಹಿಂಜರಿದು 2012ರಲ್ಲಿ ಸೇರಿದ್ದ ಈ ದೇಶ, 2025ರಲ್ಲಿ ಅದರಿಂದ ಹೊರಬರುವ ತೀರ್ಮಾನ ಕೈಗೊಂಡಿತು. ಸಾಮಾನ್ಯ ನಾಗರಿಕರ ಕೈಕಾಲುಗಳನ್ನು ದಶಕಗಳ ನಂತರವೂ ಬಲಿ ತೆಗೆದುಕೊಳ್ಳುವ ಆಯುಧವಿದು ಎಂಬ ಮಾನವ ಹಕ್ಕು ಸಂಘಟನೆಗಳ ಆಕ್ಷೇಪಕ್ಕೆ, ಉದ್ದದ ಗಡಿಯನ್ನು ಕಡಿಮೆ ಜನ ಕಾಯಬೇಕಾಗಿದೆ ಎಂಬುದಕ್ಕಿಂತ ಹೆಚ್ಚಿನ ಉತ್ತರ ಹೆಲ್ಸಿಂಕಿಯ ಬಳಿ ಇಲ್ಲ.