ಪರಿವೀಕ್ಷಣಾಧಿಕಾರಿಯ ಶಿಕ್ಷಣ ಮತ್ತು ಆಘಾತದ ಅರಿವು

ಅಪರಾಧಿಯನ್ನು ಸೆರೆಮನೆಗೆ ಕಳುಹದೆ, ಸನ್ನಡತೆಯ ಮುಚ್ಚಳಿಕೆ ಬರೆಯಿಸಿಕೊಂಡು, ಒಬ್ಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಸಮಾಜದ ನಡುವೆಯೇ ಇರಗೊಡುವ ಪದ್ಧತಿಗೆ ಪ್ರೊಬೇಷನ್ ಎಂದು ಹೆಸರು. ಕನ್ನಡದಲ್ಲಿ ಪರಿವೀಕ್ಷಣೆ ಎನ್ನಬಹುದು. 1841ರಲ್ಲಿ ಬಾಸ್ಟನ್ ನಗರದ ಜಾನ್ ಆಗಸ್ಟಸ್ ಎಂಬ ಬೂಟು ತಯಾರಕನು ನ್ಯಾಯಾಲಯದಲ್ಲಿ ಅಪರಿಚಿತನಾದ ಒಬ್ಬ ಕುಡುಕನಿಗೆ ಜಾಮೀನು ನಿಂತುದರಿಂದ ಇದರ ಚರಿತ್ರೆ ಪ್ರಾರಂಭವಾಗುತ್ತದೆ. ಇಂಗ್ಲೆಂಡಿನ 1907ರ ಶಾಸನವು ಅಧಿಕಾರಿಯು ಅಪರಾಧಿಗೆ ಸಲಹೆಗಾರನೂ ಸಹಾಯಕನೂ ಸ್ನೇಹಿತನೂ ಆಗಿರತಕ್ಕದ್ದೆಂದು ವಿಧಿಸಿತು. ನಮ್ಮ ದೇಶದ 1958ರ ಶಾಸನದ 14ನೆಯ ಕಲಮು ಅದೇ ಹಾದಿಯದು: ಅಪರಾಧಿಯ ಸ್ಥಿತಿಗತಿಗಳನ್ನೂ ಮನೆಯ ಪರಿಸರವನ್ನೂ ವಿಚಾರಿಸಿ ವರದಿ ಕೊಡುವುದು, ಮೇಲ್ವಿಚಾರಣೆ ನಡೆಸುವುದು, ಅಗತ್ಯವಿದ್ದರೆ ಉದ್ಯೋಗ ದೊರಕಿಸಲು ಯತ್ನಿಸುವುದು. ಆದರೆ ವಿಚಾರಿಸುವುದು ಹೇಗೆ ಎಂಬುದನ್ನು ಶಾಸನ ಕಲಿಸಲಾರದು. ಪಶ್ಚಿಮ ದೇಶಗಳಲ್ಲಿ ಈಚೆಗೆ ಈ ಅಧಿಕಾರಿಗಳಿಗೆ ಕೊಡುತ್ತಿರುವ ಹೊಸಬಗೆಯ ಶಿಕ್ಷಣವು ಹುಟ್ಟಿರುವುದು ಈ ಕೊರತೆಯಿಂದ.

ಆ ಶಿಕ್ಷಣದ ಮೂಲಪದ ಆಘಾತ. ಬಾಲ್ಯದ ಹೊಡೆತ, ಲೈಂಗಿಕ ದೌರ್ಜನ್ಯ, ಕಣ್ಣೆದುರಿನ ಕೊಲೆ ಮೊದಲಾದವು ಮುಗಿದುಹೋದ ಮೇಲೂ ಮನಸ್ಸಿನಲ್ಲಿಯೂ ದೇಹದಲ್ಲಿಯೂ ಉಳಿಯುವ ಗಾಯವೆಂದು ಇಲ್ಲಿ ಅದರ ಅರ್ಥ. ಇಂಥ ಗಾಯದಿಂದ ಬರುವ ವ್ಯಾಧಿಯನ್ನು ಅಮೆರಿಕೆಯ ಮನೋವೈದ್ಯರ ಸಂಘವು 1980ರಲ್ಲಿ ತನ್ನ ಕೈಪಿಡಿಗೆ ಸೇರಿಸಿತು. 1998ರಲ್ಲಿ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಅವರ ಸಹೋದ್ಯೋಗಿಗಳು ಸ್ಯಾನ್ ಡಿಯೇಗೊದ 9,508 ಜನರ ಬಾಲ್ಯವನ್ನು ವಿಚಾರಿಸಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದುದು. ಏಳು ಬಗೆಯ ಬಾಲ್ಯಸಂಕಟಗಳಲ್ಲಿ ನಾಲ್ಕನ್ನಾದರೂ ಉಂಡವರಲ್ಲಿ ಕುಡಿತ, ಮಾದಕವ್ಯಸನ, ಖಿನ್ನತೆ, ಆತ್ಮಹತ್ಯೆಯ ಯತ್ನಗಳ ಸಂಭವವು ಏನನ್ನೂ ಉಣ್ಣದವರಿಗಿಂತ 4ರಿಂದ 12 ಪಟ್ಟು ಅಧಿಕವಾಗಿತ್ತು. ಇವರು ಸೆರೆಯಾಳುಗಳಲ್ಲ, ಆರೋಗ್ಯವಿಮೆಯುಳ್ಳ ಸಾಮಾನ್ಯ ನಾಗರಿಕರು ಎಂಬುದನ್ನು ವಾಚಕರು ಗಮನಿಸಬೇಕು.

ಈಗ ಇಂಥ ಗಾಯವುಳ್ಳವನೊಬ್ಬನು ಪರಿವೀಕ್ಷಣಾಧಿಕಾರಿಯ ಕಚೇರಿಗೆ ಬಂದನೆಂದು ಭಾವಿಸೋಣ. ಅವನು ಬಾಗಿಲಿಗೆ ಬೆನ್ನು ಮಾಡಿ ಕೂಡಲೊಲ್ಲ. ಮುಖ ಕೊಟ್ಟು ಮಾತಾಡಲೊಲ್ಲ. ಹಿಂದೆ ಯಾರಾದರೂ ಸುಳಿದರೆ ಬೆಚ್ಚಿ ಸಿಡುಕುತ್ತಾನೆ. ಹೇಳಿದ ತಾರೀಖನ್ನು ಮರೆಯುತ್ತಾನೆ. ಅಪಾಯವನ್ನು ಕಾಯುತ್ತಲೇ ಬೆಳೆದ ದೇಹದ ಅಭ್ಯಾಸವಿದು. ಅಧಿಕಾರಿಯಾದರೋ ಇದನ್ನು ಉದ್ಧಟತನವೆಂದು ಬರೆದುಕೊಳ್ಳುತ್ತಾನೆ. ಆ ಬರಹದ ಬೆಲೆ ಸಣ್ಣದಲ್ಲ. ನಮ್ಮ ಶಾಸನದ 9ನೆಯ ಕಲಮಿನಂತೆ ಮುಚ್ಚಳಿಕೆಯ ಷರತ್ತು ಮುರಿದವನನ್ನು ನ್ಯಾಯಾಲಯವು ಮೂಲ ಅಪರಾಧಕ್ಕಾಗಿಯೇ ಶಿಕ್ಷಿಸಬಹುದು. ಮೊದಲ ತಪ್ಪಾದರೆ ಐವತ್ತು ರೂಪಾಯಿ ಮೀರದ ದಂಡ ಹಾಕಿ ಬಿಡಲೂಬಹುದು. ಸೆರೆಮನೆಗೂ ಐವತ್ತು ರೂಪಾಯಿಗೂ ನಡುವಣ ಅಂತರವು ಅನೇಕ ವೇಳೆ ಅಧಿಕಾರಿಯ ವರದಿಯನ್ನು ಅವಲಂಬಿಸಿರುತ್ತದೆ. ಸಾಲದ ಕಂತು ತಪ್ಪಿದಾಗ ತೀರಿಸಲಾರದವನನ್ನೂ ತೀರಿಸಲೊಲ್ಲದವನನ್ನೂ ಬೇರ್ಪಡಿಸಿ ನೋಡಬೇಕೆಂದು ಬ್ಯಾಂಕಿನಲ್ಲಿ ನಮಗೆ ಮೊದಲ ವರ್ಷವೇ ಹೇಳಿಕೊಡುತ್ತಾರೆ. ಹಣದ ವಿಷಯದಲ್ಲಿ ಸಲ್ಲುವ ಈ ವಿವೇಕವು ಮನುಷ್ಯನ ಸ್ವಾತಂತ್ರ್ಯದ ವಿಷಯದಲ್ಲಿ ಐಚ್ಛಿಕವಾಗಿರುವುದು ವಿಚಿತ್ರ.

ಅಮೆರಿಕೆಯ ಮಾನಸಿಕ ಆರೋಗ್ಯ ಇಲಾಖೆಯು 2014ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯು ನಾಲ್ಕು ಮಾತುಗಳನ್ನು ಹೇಳುತ್ತದೆ: ಆಘಾತದ ವ್ಯಾಪ್ತಿಯನ್ನು ಅರಿಯಬೇಕು, ಅದರ ಲಕ್ಷಣಗಳನ್ನು ಗುರುತಿಸಬೇಕು, ಆ ಅರಿವಿನಂತೆ ನಡೆಯಬೇಕು, ಮತ್ತೆ ಗಾಯ ಮಾಡಬಾರದು. ಕೊನೆಯದೇ ಮುಖ್ಯವೆಂದು ನನ್ನ ಮತ. ಅಧಿಕಾರಿಯನ್ನು ಚಿಕಿತ್ಸಕನನ್ನಾಗಿ ಮಾಡುವುದು ಈ ಶಿಕ್ಷಣದ ಉದ್ದೇಶವಲ್ಲ. ಮುಂದೆ ಏನು ನಡೆಯುವುದೆಂದು ಮೊದಲೇ ತಿಳಿಸುವುದು. ಕುಳಿತುಕೊಳ್ಳುವ ಜಾಗವನ್ನು ಬಂದವನೇ ಆರಿಸಿಕೊಳ್ಳಲಿ ಎನ್ನುವುದು. ಹಳೆಯ ನೋವನ್ನು ಕೆದಕಿ ಮತ್ತೆ ಮತ್ತೆ ಹೇಳಿಸದಿರುವುದು. ವರದಿಯಲ್ಲಿ ಏನು ಬರೆಯುವೆನು, ಅದನ್ನು ಯಾರು ಓದುವರು ಎಂಬುದನ್ನು ಮರೆಮಾಚದಿರುವುದು. ಇಂಥ ಸಣ್ಣ ನಡವಳಿಕೆಗಳೇ ಅದರ ಪಾಠ. ಅಮೆರಿಕೆಯಲ್ಲಿ ಮಾದಕದ್ರವ್ಯದ ಪರೀಕ್ಷೆಗಾಗಿ ಸಿಬ್ಬಂದಿಯ ಕಣ್ಣೆದುರಿನಲ್ಲೇ ಮೂತ್ರ ಕೊಡಬೇಕಾಗುವುದುಂಟು. ಅತ್ಯಾಚಾರಕ್ಕೀಡಾದ ಹೆಂಗಸಿಗೆ ಇದು ಏನಾಗಬಹುದೆಂದು ನಿಯಮ ಬರೆದವರಿಗೆ ತೋಚಿರಲಿಲ್ಲವೆಂದು ಕಾಣುತ್ತದೆ.

ಹಾಗಾದರೆ ಅಪರಾಧಕ್ಕೆ ಕ್ಷಮೆಯೇ ಎಂಬ ಆಕ್ಷೇಪಣೆ ಏಳುವುದು ಸಹಜ. ನೊಂದವರಿಗೆ ಪರಿಹಾರ ಕೊಡಿಸಲು ನಮ್ಮ ಶಾಸನದ 5ನೆಯ ಕಲಮಿನಲ್ಲಿ ಅವಕಾಶವಿದೆ. ಆಘಾತದ ಅರಿವು ಆ ಬಾಧ್ಯತೆಯನ್ನು ಅಳಿಸುವುದಿಲ್ಲ. ಇದಕ್ಕಿಂತ ಗಂಭೀರವಾದ ಅಪಾಯ ಬೇರೆಯಿದೆ: ಬಾಲ್ಯದ ಸಂಕಟಗಳನ್ನು ಎಣಿಸಿ ವ್ಯಕ್ತಿಗೊಂದು ಅಂಕ ಹಚ್ಚುವುದು. ಈ ಅಂಕವು ಜನಸಮುದಾಯದ ಅಧ್ಯಯನಕ್ಕೆ ಸಲ್ಲುವುದೇ ಹೊರತು ಒಬ್ಬನ ಭವಿಷ್ಯ ಹೇಳಲು ಸಲ್ಲದೆಂದು 2020ರಲ್ಲಿ ಆಂಡಾ ಅವರೇ ಎಚ್ಚರಿಸಿದರು.

ಅಧಿಕಾರಿಯ ಮನಸ್ಸೂ ಕಲ್ಲಲ್ಲ. ದಿನವೂ ಇಂಥ ಕಥೆಗಳನ್ನು ಕೇಳುವವನಿಗೆ ನಿದ್ದೆ ಕೆಡುತ್ತದೆ, ಇಲ್ಲವೆ ಕರುಣೆ ಬತ್ತುತ್ತದೆ. ಆದ್ದರಿಂದ ಒಳ್ಳೆಯ ಶಿಕ್ಷಣಕ್ರಮಗಳಲ್ಲಿ ಇದೂ ಒಂದು ಪಾಠ. ಒಂದು ದಿನದ ಉಪನ್ಯಾಸದಿಂದ ಅಭ್ಯಾಸ ಬದಲಾಗದೆಂಬುದೂ ತಿಳಿದ ಸಂಗತಿ. ಕೆನಡಾದಲ್ಲಿ ಜೇಮ್ಸ್ ಬಾಂಟಾ ಮತ್ತು ಸಂಗಡಿಗರು 2011ರಲ್ಲಿ ವರದಿ ಮಾಡಿದ ಪ್ರಯೋಗದ ವಿಷಯ ಬೇರೆಯಾದರೂ ಕ್ರಮ ಅನುಕರಣೀಯ: ಮೂರು ದಿನದ ತರಬೇತಿಯ ನಂತರ ಅಧಿಕಾರಿಗಳು ತಿಂಗಳಿಗೊಮ್ಮೆ ಸೇರುತ್ತಿದ್ದರು, ಅವರ ಭೇಟಿಗಳ ಧ್ವನಿಮುದ್ರಣ ಕೇಳಿ ತಜ್ಞರು ಅಭಿಪ್ರಾಯ ಕೊಡುತ್ತಿದ್ದರು. ಆಘಾತದ ಶಿಕ್ಷಣದಿಂದ ಸಿಬ್ಬಂದಿಯ ತಿಳಿವಳಿಕೆ ಹೆಚ್ಚುವುದು ನಿಜ; ಅಪರಾಧಗಳು ಇಳಿಯುತ್ತವೆಂಬುದಕ್ಕೆ ಸಾಕ್ಷ್ಯ ಇನ್ನೂ ತೆಳುವು.

ನಮ್ಮಲ್ಲಿ ಪೆರೋಲ್ ಎಂದರೆ ಶಿಕ್ಷೆಯ ನಡುವಣ ಅಲ್ಪಕಾಲದ ಬಿಡುಗಡೆ. ಅಮೆರಿಕೆಯಲ್ಲಿ ಶಿಕ್ಷೆಯ ಉಳಿದ ಭಾಗವನ್ನು ಹೊರಗೆ ಮೇಲ್ವಿಚಾರಣೆಯಲ್ಲಿ ಕಳೆಯುವುದು. ಆದಕಾರಣ ಅಲ್ಲಿಯ ಪಾಠಗಳನ್ನು ಹಾಗೆಯೇ ತರಲಾಗದು. ಅಲ್ಲದೆ ಮುಂಬಯಿಯಂಥ ನಗರದಲ್ಲಿ ಭಾಷೆಯ ತೊಡಕೂ ಉಂಟು. ಕಲಬುರಗಿ ಕಡೆಯ ಕೂಲಿಹುಡುಗನನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಮನೆಯ ವಿಚಾರ ಕೇಳಿದರೆ ಹೌದು, ಇಲ್ಲ ಎಂಬೆರಡು ಉತ್ತರಗಳು ದೊರೆತಾವು. ಅಪ್ಪನ ಬಾರುಕೋಲಿನ ಮಾತು ಬರುವುದಾದರೆ ಕನ್ನಡದಲ್ಲಿಯೇ ಬರಬೇಕು. ದುಭಾಷಿಗಳಾಗಬಲ್ಲವರ ಪಟ್ಟಿಯೊಂದನ್ನು ಪರಿವೀಕ್ಷಣಾ ಕಚೇರಿಗಳಿಗೆ ಒದಗಿಸುವುದು ನಮ್ಮಂಥ ಸಂಘಗಳಿಗೆ ಅಸಾಧ್ಯವಲ್ಲ. ಆದರೆ ಆ ಪಟ್ಟಿಯವರಿಗೂ ಈ ಶಿಕ್ಷಣದ ಒಂದಂಶ ಬೇಕು: ಹುಡುಗ ಹೇಳಿದ್ದನ್ನು ಹೇಳಿದಂತೆಯೇ ದಾಟಿಸಬೇಕು, ನಡುವೆ ಬುದ್ಧಿವಾದ ಸೇರಿಸಬಾರದು, ಸುದ್ದಿ ಅವನ ಊರಿಗೆ ಮುಟ್ಟಬಾರದು.