ವಿದೇಶದಲ್ಲಿ ಮೊಬೈಲ್ ಇಂಟರ್‌ನೆಟ್: ವಿಮಾನವೇರುವ ಮುನ್ನ
ಉಡುಪಿ: ಕಾಪು, ಕಾರ್ಕಳ, ಮಣಿಪಾಲದಿಂದ ದುಬೈ, ಅಬುಧಾಬಿಗೆ ಮಕ್ಕಳನ್ನು ನೋಡಲು ಹೊರಡುವ ಹಿರಿಯರು ಹಪ್ಪಳ, ಉಪ್ಪಿನಕಾಯಿ ಕಟ್ಟಿಕೊಳ್ಳಲು ಮರೆಯುವುದಿಲ್ಲ; ಮೊಬೈಲಿನ ಒಂದು ಸೆಟ್ಟಿಂಗ್ ಮರೆಯುತ್ತಾರೆ.

ವಿಮಾನ ಇಳಿದ ಬಳಿಕ ಊರಿನ ಸಿಮ್ ಅಲ್ಲಿನ ಕಂಪನಿಯ ಜಾಲವನ್ನು ಹಿಡಿಯುತ್ತದೆ. ಪ್ಯಾಕ್ ಹಾಕಿಸದೆ ಡಾಟಾ ರೋಮಿಂಗ್ ಆನ್ ಇಟ್ಟರೆ ಬಳಸಿದ ಪ್ರತಿ ಎಂಬಿಗೂ ದುಬಾರಿ ದರ ಬೀಳಬಹುದು. ಫೋನ್ ಜೇಬಿನಲ್ಲಿದ್ದರೂ ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್‌ಗಳು ಡಾಟಾ ನುಂಗುತ್ತಿರುತ್ತವೆ. ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಇದರ ಬಿಸಿ ತಟ್ಟುವುದು ಬಿಲ್ ಬಂದಾಗಲೇ.

ನಾಲ್ಕೈದು ದಿನದ ಪ್ರವಾಸಕ್ಕೆ ರೋಮಿಂಗ್ ಪ್ಯಾಕ್ ಸಾಕು. ವಾರಗಟ್ಟಲೆ ತಂಗುವವರಿಗೆ ಪಾಸ್‌ಪೋರ್ಟ್ ತೋರಿಸಿ ಅಲ್ಲಿನ ಸಿಮ್ ಪಡೆಯುವುದೇ ಸಾಮಾನ್ಯವಾಗಿ ಅಗ್ಗ. ಇ-ಸಿಮ್ ಸೌಲಭ್ಯದ ಫೋನಾದರೆ ಊರಿನಲ್ಲಿಯೇ ಅಳವಡಿಸಿಕೊಳ್ಳಬಹುದು.

ಆದರೆ ಊರಿನ ಸಿಮ್ ತೆಗೆದಿಡಬಾರದು. ಬ್ಯಾಂಕಿನ ಒಟಿಪಿ ಬರುವುದು ಅದೇ ಸಂಖ್ಯೆಗೆ. ಅದು ಬಾರದಿದ್ದರೆ ಖಾತೆಯಲ್ಲಿ ಹಣವಿದ್ದೂ ಕೈಕಟ್ಟಿದಂತೆ. ಹೊರಡುವ ಮೊದಲೇ ಅಂತಾರಾಷ್ಟ್ರೀಯ ರೋಮಿಂಗ್ ಸೇವೆ ಪಡೆದು, ಆ ಸಿಮ್‌ನ ಡಾಟಾ ರೋಮಿಂಗ್ ಮಾತ್ರ ಆಫ್ ಮಾಡಿದರೆ ಎಸ್ಎಂಎಸ್ ಬರುತ್ತದೆ, ಇಂಟರ್‌ನೆಟ್ ಖರ್ಚಾಗುವುದಿಲ್ಲ. ಪ್ರಿಪೇಯ್ಡ್ ಆಗಿದ್ದರೆ ವ್ಯಾಲಿಡಿಟಿ ನಡುವೆ ಮುಗಿಯದಂತೆ ರೀಚಾರ್ಜ್ ಮಾಡಿಸಿರಬೇಕು. ಪ್ಯಾಕ್ ಇಲ್ಲದೆ ಕರೆ ಸ್ವೀಕರಿಸಿದರೂ ಶುಲ್ಕ ತಗಲುತ್ತದೆಂಬುದು ಹಲವರಿಗೆ ತಿಳಿದಿಲ್ಲ.

ಇಷ್ಟಾದರೂ ಯುಎಇಯಲ್ಲಿ ಇನ್ನೊಂದು ತೊಡಕುಂಟು. ವಾಟ್ಸ್ಆ್ಯಪ್ ಸಂದೇಶ ಹೋಗುತ್ತದೆ, ಕರೆಗೆ ನಿರ್ಬಂಧವಿದೆ. ಇಂಟರ್‌ನೆಟ್ ಕರೆಗೆ ಅಲ್ಲಿ ಅನುಮತಿ ಪಡೆದ ಬೋಟಿಮ್‌ನಂಥ ಆ್ಯಪ್‌ಗಳೇ ಬೇಕು. ಅದನ್ನು ಊರಿನಲ್ಲಿರುವವರ ಫೋನಿಗೂ ಮೊದಲೇ ಹಾಕಿಸಿಡುವುದು ಒಳಿತು.